ನಾನೂರು ಕುರ್ಚಿ, ನಲವತ್ತಾರು ಜನ: ಧಾರವಾಡದ ಒಂದು ಬ್ಯಾಂಡ್ ಸಂಜೆಯ ಪ್ರಕರಣ ಅಧ್ಯಯನ

ಸಭಾಂಗಣ, ತಂಡಗಳು, ಆಯೋಜಕರು ಯಾರೆಂದು ಗೊತ್ತಾಗಬಾರದು ಎಂಬ ಕಾರಣಕ್ಕೆ ಇಲ್ಲಿ ಹೆಸರುಗಳನ್ನು ಬಿಟ್ಟಿದೆ, ಕೆಲವು ವಿವರಗಳನ್ನು ಬದಲಿಸಿದೆ. ನಿರ್ಧಾರಗಳು ಮತ್ತು ಅವನ್ನು ತೆಗೆದುಕೊಂಡ ಕ್ರಮ ಮಾತ್ರ ಇದ್ದ ಹಾಗೆ ಇವೆ.

ಹಿನ್ನೆಲೆ

ಹುಬ್ಬಳ್ಳಿ-ಧಾರವಾಡದಲ್ಲಿ ಸಂಗೀತ ಕೇಳುವವರಿಲ್ಲ ಎಂದರೆ ಯಾರೂ ಒಪ್ಪುವುದಿಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ನೆಲದ ಮೇಲೆ ಕೂತು ರಾತ್ರಿ ಕಳೆಯುವ ಜನ ಇದ್ದಾರೆ. ಗಣಪತಿ ಮುಂದಿನ ಆರ್ಕೆಸ್ಟ್ರಾಕ್ಕೆ ರಸ್ತೆ ತುಂಬ ಜನ. ಪೇಚಾಟ ಇರುವುದು ಈ ಎರಡಕ್ಕೂ ಸೇರದವರಿಗೆ. ಹಿಂದುಸ್ತಾನಿ ಅಲ್ಲ, ಸಿನಿಮಾ ಹಾಡಲ್ಲ, ಪೂರಾ ಜಾನಪದವೂ ಅಲ್ಲ. ಏನೋ ಒಂದು ಮಾಡ್ತಾರ ಅನ್ನುವಂಥ ತಂಡಗಳು. ಅಂಥ ನಾಲ್ಕು ತಂಡಗಳನ್ನು ಒಂದೇ ಸಂಜೆ ಕೇಳಿಸಬೇಕು ಎಂದು ಆರು ಜನ ಗೆಳೆಯರು ಧಾರವಾಡದಲ್ಲಿ ಒಂದು ಟ್ರಸ್ಟಿನ ಸಭಾಂಗಣ ಹಿಡಿದರು.

ಮೊದಲನೆಯದು ಹುಬ್ಬಳ್ಳಿ ವಿದ್ಯಾನಗರದ ಕಡೆಯ ಇಂಜಿನಿಯರಿಂಗ್ ಹುಡುಗರದು. ಎಲೆಕ್ಟ್ರಿಕ್ ಗಿಟಾರ್, ಏಕತಾರಿ, ಪ್ಲೈವುಡ್ಡಿನಲ್ಲಿ ತಾವೇ ಮಾಡಿಕೊಂಡ, ಮೇಲೆ ಕೂತು ಬಾರಿಸುವ ಕಹೋನ್ ಪೆಟ್ಟಿಗೆ. ಸ್ವಂತ ಹಾಡುಗಳ ನಡುವೆ ಶಿಶುನಾಳ ಶರೀಫರ ತತ್ವಪದ. ಎರಡನೆಯದರಲ್ಲಿ ಮೂವರು: ಒಬ್ಬರು ವಿದ್ಯುತ್ ಬೆಂಜೋ, ಒಬ್ಬರು ಹಾರ್ಮೋನಿಯಂ, ಒಬ್ಬರು ಢೋಲಕ್. ಎಂಟು ದಿನಕ್ಕೊಮ್ಮೆ ಬರುವ ನಳದ ನೀರು, ಚಿಗರಿ ಬಸ್ಸಿನ ನೂಕುನುಗ್ಗಲು ಇಂಥವುಗಳ ಮೇಲೆ ಧಾರವಾಡ ಮಾತಿನಲ್ಲೇ ನಗೆಹಾಡು ಕಟ್ಟುವವರು. ಮೂರನೆಯದು ಎರಡು ಜಗ್ಗಲಿಗೆ (ಗಾಡಿಯ ಚಕ್ರಕ್ಕೆ ಚರ್ಮ ಬಿಗಿದ ದೊಡ್ಡ ವಾದ್ಯ), ಒಂದು ಕಣಿಹಲಗಿ (ಸಣ್ಣ ಚರ್ಮವಾದ್ಯ), ಒಂದು ಕೀಬೋರ್ಡ್. ನಾಲ್ಕನೆಯದು ಹಳೇ ಹುಬ್ಬಳ್ಳಿಯ ಬ್ಯಾಂಡ್ ಕಂಪನಿಯ ನಾಲ್ವರು: ಕ್ಲಾರಿಯೋನೆಟ್, ಟ್ರಂಪೆಟ್, ಯೂಫೋನಿಯಂ, ಸೈಡ್ ಡ್ರಮ್. ಮದುವೆ ಮೆರವಣಿಗೆಯಲ್ಲಿ ಬಾರಿಸುವ ಧಾಟಿಗಳನ್ನೇ ಕಾಲು ಭಾಗ ವೇಗಕ್ಕಿಳಿಸಿ, ಅದರೊಳಗೆ ತಮ್ಮದೇ ತಿರುವು ಹಾಕಿ ನುಡಿಸುತ್ತಾರೆ. ಕೇಳದೆ ಇದನ್ನು ನಂಬುವುದು ಕಷ್ಟ.

ದಿನ ಆರಿಸಿದ ಬಗೆಯಲ್ಲೇ ಮುಂದಿನ ಅರ್ಧ ತೊಂದರೆ ಇತ್ತು. ಆಷಾಢದ ಒಂದು ಶನಿವಾರ. ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು: ಆಷಾಢದಲ್ಲಿ ಮದುವೆ ಇಲ್ಲವಾದ್ದರಿಂದ ಬ್ಯಾಂಡ್ ಕಂಪನಿ ಖಾಲಿ, ಹಾಲ್ ಖಾಲಿ, ಸೌಂಡ್‌ನವರು ದರ ಇಳಿಸುತ್ತಾರೆ. ಲೆಕ್ಕಕ್ಕೆ ಬಾರದೆ ಹೋದವು ಮೂರು. ಧಾರವಾಡದ ಜುಲೈ ಮಳೆ ಧೋ ಎಂದು ಸುರಿದು ನಿಲ್ಲುವುದಲ್ಲ, ಇಡೀ ದಿನ ಜಿಟಿಜಿಟಿ ಹಿಡಿಯುತ್ತದೆ. ಬೈಕಿನವರು ಸಂಜೆ ಹೊರಗೆ ಬೀಳುವುದಿಲ್ಲ. ಪರೀಕ್ಷೆ ಮುಗಿಸಿದ ಹಾಸ್ಟೆಲ್ ಹುಡುಗರು ಊರಿಗೆ ಹೋಗಿರುತ್ತಾರೆ. ಮತ್ತು ತೇವಕ್ಕೆ ಜಗ್ಗಲಿಗೆಯ ಚರ್ಮ ಸಡಿಲಾಗುತ್ತದೆ.

ಖರ್ಚು ಹೀಗಿತ್ತು. ಹಾಲ್ ಬಾಡಿಗೆ, ಸ್ವಚ್ಛತೆ ಸೇರಿ 14,000 ರೂಪಾಯಿ. ಸೌಂಡ್ 20,000. ಲೈಟ್ 6,000. ಜನರೇಟರ್, ಡೀಸೆಲ್ 5,000. ತಂಡಕ್ಕೆ ತಲಾ 4,000ದಂತೆ 16,000. ಪೋಸ್ಟರ್ 3,000. ಚಾ, ಗಿರ್ಮಿಟ್ಟು, ಗಾಡಿ ಬಾಡಿಗೆ 5,000. ಒಟ್ಟು 69,000. ದ್ವಿಚಕ್ರ ವಾಹನದ ಅಂಗಡಿಯೊಂದು 20,000 ಕೊಟ್ಟಿತ್ತು. ಉಳಿದ 49,000ಕ್ಕೆ 200 ರೂಪಾಯಿಯ 245 ಟಿಕೆಟ್ ಹೋಗಬೇಕು. ಹಾಲ್‌ನಲ್ಲಿ ಕುರ್ಚಿ 400 ಇರುವಾಗ 245 ದೊಡ್ಡ ಸಂಖ್ಯೆ ಎಂದು ಯಾರಿಗೂ ಅನಿಸಲಿಲ್ಲ.

ಬುಧವಾರದ ಲೆಕ್ಕ

ಫೋನಿನಲ್ಲಿ ಕಳಿಸಿದ ಆಹ್ವಾನಕ್ಕೆ ‘ಬರ್ತೇವಿ’ ಎಂದು ಒತ್ತಿದವರು 318. ದುಡ್ಡು ಕೊಟ್ಟು ಟಿಕೆಟ್ ಪಡೆದವರು ಬುಧವಾರ ಸಂಜೆಗೆ 29. ಇದೇ ಈ ಪ್ರಕರಣದ ಮೊದಲ ಕವಲು. ಅದೇ ಟ್ರಸ್ಟಿಗೆ ಮೇಲಿನ ಮಹಡಿಯಲ್ಲಿ 90 ಜನ ಹಿಡಿಯುವ ಕೋಣೆ ಇತ್ತು, ಬಾಡಿಗೆ 4,000. ನಲವತ್ತೆಂಟು ತಾಸು ಮೊದಲು ಹೇಳಿದರೆ ಬದಲಿಸಿಕೊಡುತ್ತಿದ್ದರು. ಸೌಂಡ್‌ನವರೂ ಸಣ್ಣ ಸೆಟ್ಟಿಗೆ ಒಪ್ಪುವವರೇ. ಬದಲಿಸಿದ್ದರೆ ಖರ್ಚಿನಲ್ಲಿ 20,000ಕ್ಕೂ ಹೆಚ್ಚು ಅಲ್ಲೇ ಉಳಿಯುತ್ತಿತ್ತು.

ಬದಲಿಸಲಿಲ್ಲ. ‘ನಮ್ಮ ಮಂದಿ ಕಡೀ ಗಳಿಗೀಗೆ ಬರೂದು’ ಎಂಬ ಮಾತು ಗೆದ್ದಿತು. ಈ ಮಾತು ಪೂರ್ತಿ ಸುಳ್ಳಲ್ಲ. ಆರ್ಕೆಸ್ಟ್ರಾಕ್ಕೆ, ನಾಟಕ ಕಂಪನಿಗೆ ಜನ ಬಾಗಿಲಲ್ಲೇ ಟಿಕೆಟ್ ಕೊಳ್ಳುತ್ತಾರೆ. ಆದರೆ ಅವೆಲ್ಲ ಹೋಗುವವನಿಗೆ ಏನು ಸಿಗುತ್ತದೆಂದು ಗೊತ್ತಿರುವ ಕಾರ್ಯಕ್ರಮಗಳು. ಬೆಂಜೋದ ಜೊತೆಗೆ ಜಗ್ಗಲಿಗೆ ಏನು ಮಾಡುತ್ತದೆಂದು ತಿಳಿಯದವನು ಮಳೆಯಲ್ಲಿ ಕಡೇ ಗಳಿಗೆಗೆ ಹೊರಡುವುದಿಲ್ಲ. ಪೋಸ್ಟರಿನಲ್ಲಿ ತಂಡಗಳ ಹೆಸರು, ಮುಖ್ಯ ಅತಿಥಿಗಳ ಹೆಸರು ದೊಡ್ಡದಾಗಿದ್ದವು; ಕೇಳಲಿಕ್ಕೆ ಏನು ಸಿಗುತ್ತದೆ ಎಂಬ ಒಂದು ಸಾಲೂ ಇರಲಿಲ್ಲ, ಅರ್ಧ ನಿಮಿಷದ ತುಣುಕನ್ನೂ ಯಾರಿಗೂ ಕಳಿಸಿರಲಿಲ್ಲ. ಕೊನೆಗೆ ಮುಂಗಡ ಟಿಕೆಟ್ 43ಕ್ಕೆ ನಿಂತಿತು. ಅದರಲ್ಲೂ ಒಂಬತ್ತು ಜನ ಮಳೆಗೆ ಬರಲಿಲ್ಲ.

ಆ ಸಂಜೆ, ಆರರಿಂದ ಏಳೂ ನಲವತ್ತರವರೆಗೆ

ಕಾರ್ಯಕ್ರಮ ಆರಕ್ಕೆಂದು ಹಾಕಿತ್ತು. ಆರಕ್ಕೆ ಬಂದು ಕೂತವರು ಇಪ್ಪತ್ತು ಜನ. ‘ಇನ್ನೊಂದಿಷ್ಟ ಮಂದಿ ಬರ್ಲಿ’ ಎಂದು ಆರೂ ಮೂವತ್ತೈದರವರೆಗೆ ಕಾದರು. ಹೀಗೆ ಕಾಯುವುದರಿಂದ ತಡವಾಗಿ ಬರುವವರಿಗೆ ಅನುಕೂಲ, ಹೊತ್ತಿಗೆ ಬಂದವರಿಗೆ ಶಿಕ್ಷೆ. ಆಮೇಲೆ ದೀಪ, ಹೂಗುಚ್ಛ, ಮೂರು ಭಾಷಣ, ಅರ್ಧ ತಾಸು. ಹುಡುಗರ ತಂಡ ಮೊದಲ ತಂತಿ ಮೀಟಿದಾಗ ಏಳೂ ಐದು.

ಜನ ಕೂತಿದ್ದ ರೀತಿ ನೋಡಬೇಕು. ಮುಂದಿನ ಸಾಲಿನಲ್ಲಿ ಅತಿಥಿಗಳಿಗೆಂದು ಐದು ಸೋಫಾ. ಭಾಷಣ ಮುಗಿಸಿ ಅತಿಥಿಗಳು ಹೋದ ಮೇಲೆ ಸೋಫಾ ಖಾಲಿ. ನಮ್ಮಲ್ಲಿ ಸೋಫಾದ ಮೇಲೆ ಯಾರೂ ತಾವಾಗಿ ಕೂರುವುದಿಲ್ಲ, ಖಾಲಿ ಸೋಫಾದ ಹಿಂದಿನ ಎರಡು ಸಾಲಿನಲ್ಲೂ ಕೂರುವುದಿಲ್ಲ. ಉಳಿದವರು ಹಿಂಬಾಗಿಲ ಹತ್ತಿರ, ಗೋಡೆಗುಂಟ, ಫ್ಯಾನಿನ ಕೆಳಗೆ ಚೆದುರಿದ್ದರು. ನಿರೂಪಕಿ ಮೂರು ಸಲ ‘ಮುಂದ ಬರ್ರಿ, ಎಲ್ಲಾರೂ ಮುಂದ ಬರ್ರಿ’ ಎಂದರು. ಎದ್ದವರು ಇಬ್ಬರು. ಮೈಕಿನಲ್ಲಿ ಕರೆದರೆ ಯಾರೂ ಬರುವುದಿಲ್ಲ, ಏಕೆಂದರೆ ಮೊದಲು ಎದ್ದವನನ್ನು ಎಲ್ಲರೂ ನೋಡುತ್ತಾರೆ. ಕೆಲಸ ಮಾಡುವುದು ಹಿಂದಿನ ಕುರ್ಚಿಗಳನ್ನು ಕಾರ್ಯಕ್ರಮಕ್ಕೆ ಮೊದಲೇ ಮಡಚಿಡುವುದು ಅಥವಾ ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟುವುದು.

ಇದಕ್ಕಿಂತ ಕೆಟ್ಟದ್ದು ಸದ್ದು. ಹಾಲ್ ಸುಮಾರು 24 ಮೀಟರ್ ಉದ್ದ, 14 ಅಗಲ, 6 ಎತ್ತರ. ಅಂದರೆ 2,016 ಘನ ಮೀಟರ್. ಬರಿ ಗೋಡೆ, ನುಣುಪು ಟೈಲ್ಸ್ ನೆಲ, ಪ್ಲಾಸ್ಟಿಕ್ ಕುರ್ಚಿ. ಇಂಥ ಕಡೆ ದನಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದಕ್ಕೆ ಸ್ಯಾಬಿನ್ ಸೂತ್ರ ಇದೆ: ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ (ಗೋಡೆ, ನೆಲ, ಜನ ಸೇರಿ ಎಷ್ಟು ಸದ್ದು ಹೀರುತ್ತಾರೋ ಅದರಿಂದ) ಭಾಗಿಸಬೇಕು. ಖಾಲಿ ಹಾಲ್‌ನ ಹೀರಿಕೆ 150 ಚದರ ಮೀಟರ್ ಎಂದು ಹಿಡಿದರೆ ದನಿ ಅಡಗಲು 2.2 ಸೆಕೆಂಡು. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಸುಮಾರು 0.45ರಷ್ಟು ಹೀರುತ್ತಾನೆ. 400 ಜನ ಕೂತರೆ 180 ಸೇರಿ, ಕಾಲ ಒಂದು ಸೆಕೆಂಡಿಗೆ ಇಳಿಯುತ್ತದೆ. ಮಾತು ಬಿಡಿಬಿಡಿಯಾಗಿ ಕೇಳುತ್ತದೆ. 46 ಜನ ಕೂತರೆ 1.9 ಸೆಕೆಂಡು. ಅಂದರೆ ಅಲ್ಲಿ ಜನರಿದ್ದಾರೆ ಎಂಬುದು ಹಾಲ್‌ಗೆ ಗೊತ್ತೇ ಆಗಲಿಲ್ಲ. ತತ್ವಪದದಲ್ಲಿ ಒಂದು ಶಬ್ದದ ಬಾಲದ ಮೇಲೆ ಮುಂದಿನ ಶಬ್ದ ಬಂದು ಬೀಳುತ್ತಿತ್ತು. ಶರೀಫರ ಪದದಲ್ಲಿ ಶಬ್ದವೇ ಕೇಳದಿದ್ದರೆ ಉಳಿಯುವುದೇನು?

ಸೌಂಡ್‌ನವರು ತಂದದ್ದು 400 ಜನರಿಗೆ ಹೇಳಿದ ಸಾಮಾನು: ಎರಡೂ ಬದಿಗೆ 15 ಇಂಚಿನ ಟಾಪ್ ಸ್ಪೀಕರ್, ಜೋಡಿ 18 ಇಂಚಿನ ಬೇಸ್ ಪೆಟ್ಟಿಗೆ, ವೇದಿಕೆಯ ಮೇಲೆ ನಾಲ್ಕು ಮಾನಿಟರ್ (ವಾದ್ಯದವರಿಗೆ ತಮ್ಮ ಸದ್ದು ತಮಗೆ ಕೇಳಿಸುವ ಪೆಟ್ಟಿಗೆ). ಸಂಜೆ ನಾಲ್ಕಕ್ಕೆ ಖಾಲಿ ಹಾಲ್‌ನಲ್ಲಿ ಸದ್ದು ಹೊಂದಿಸಿ ‘ಮಂದಿ ಬಂದಮ್ಯಾಲೆ ಸರಿ ಆಕ್ಕೈತಿ’ ಅಂದಿದ್ದರು. ಅದು ತುಂಬಿದ ಹಾಲ್‌ಗೆ ನಿಜ. ಖಾಲಿ ಉಳಿದರೆ ಆಗ ಹೊಂದಿಸಿದ್ದೇ ಕಡೆಯತನಕ. ಗಾಯಕನ ಮೈಕಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದನ್ನು ಕತ್ತರಿಸಿರಲಿಲ್ಲ. ಕಹೋನಿನ ಗುದ್ದು ಗಾಯಕನ ಮೈಕಿಗೂ ಹೋಗಿ ಬೇಸ್ ಪೆಟ್ಟಿಗೆಯಿಂದ ಹೊರಬಿದ್ದು ಹಾಲ್‌ನೊಳಗೆ ಸುತ್ತುತ್ತಿತ್ತು. ಕೇಳುತ್ತಿಲ್ಲ ಎಂದು ಗಾಯಕ ಕೈ ಎತ್ತಿದ, ಸೌಂಡ್‌ನವರು ಮಾನಿಟರ್ ಏರಿಸಿದರು, ಸೀಟಿ ಹೊಡೆಯಿತು. ಇದರ ಮೇಲೆ ಮಳೆ. ಪ್ರವೇಶದ ಕಡೆಯ ತಗಡಿನ ಚಾವಣಿಯ ಸದ್ದು ಬೇರೆ.

ಏಳೂಕಾಲಿಗೆ ಇನ್ನೊಂದು ಪ್ರಯತ್ನ: ಇನ್ನು ಮುಂದೆ ಪ್ರವೇಶ ಉಚಿತ ಎಂದು ವಾಟ್ಸಾಪ್ ಗುಂಪುಗಳಿಗೆ ಹಾಕಿದರು. ಮುಂದಿನ ಒಂದು ತಾಸಿನಲ್ಲಿ ಅದರಿಂದ ಬಂದವರು 14 ಜನ. ಅದೇ ಸಂದೇಶ 200 ರೂಪಾಯಿ ಕೊಟ್ಟು ಕೂತವರ ಫೋನಿಗೂ ಬಂತು. ಒಬ್ಬ ಹಿರಿಯರು ಬಾಗಿಲಿಗೆ ಬಂದು ‘ತಮ್ಮಾ, ನಾವೇನ್ ತಪ್ಪ ಮಾಡೇವಿ?’ ಎಂದು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ, ಉತ್ತರ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ದರ ಇಳಿಸುವುದಾದರೆ ಕೊಟ್ಟವರಿಗೆ ಏನಾದರೂ ಕೈಗೆ ಕೊಟ್ಟು ಇಳಿಸಬೇಕು. ಟಿಕೆಟ್ ಇದ್ದವರಿಗೆ ಚಾ-ಗಿರ್ಮಿಟ್ಟು ಉಚಿತ ಎಂದಿದ್ದರೂ ಸಾಕಿತ್ತು.

ತಿರುವು

ಏಳೂ ನಲವತ್ತಕ್ಕೆ ಹುಡುಗರು ಇಳಿದರು. ಹಾಲ್‌ನಲ್ಲಿ 46 ಜನ. ಆಯೋಜಕರು ಪಕ್ಕದ ಪಡಸಾಲೆಯಲ್ಲಿ ಐದು ನಿಮಿಷ ಮಾತಾಡಿದರು. ಮುಂದೆ ಮೂರು ದಾರಿ ಇದ್ದವು: ಹೀಗೇ ನಡೆಸುವುದು, ಎರಡು ತಂಡ ಕೈಬಿಟ್ಟು ಬೇಗ ಮುಗಿಸುವುದು, ವಾದ್ಯದವರನ್ನು ಕೆಳಗಿಳಿಸಿ, ನಡುವೆ ಜಮಖಾನೆ ಹಾಸಿ ಬೈಠಕ್ ಮಾಡುವುದು. ಮೂರನೆಯದು ಎಲ್ಲರಿಗೂ ಹಿಡಿಸಿತು. ಬ್ಯಾಂಡ್ ಕಂಪನಿಯ ಮಾಸ್ತರರಿಗೆ ಹಿಡಿಸಲಿಲ್ಲ.

ಅವರು ಕೆಂಪು ಕೋಟು, ಜರಿ ಪಟ್ಟಿ ಹಾಕಿಕೊಂಡು ಆರಕ್ಕೇ ಬಂದು ಕೂತಿದ್ದರು. ಉಳಿದ ಮೂವರು ಒಂದು ಶವಯಾತ್ರೆಗೆ ಬಾರಿಸಲು ಹೋಗಿದ್ದರು. ಆಷಾಢದಲ್ಲಿ ಮದುವೆ ನಿಲ್ಲುತ್ತವೆ, ಸಾವು ನಿಲ್ಲುವುದಿಲ್ಲ. ಮಾಸ್ತರರು ಹೇಳಿದ್ದು ಇಷ್ಟು: ‘ವರ್ಷಪೂರ್ತಿ ರಸ್ತೆದಾಗ ನಡಕೋಂತ ಬಾರಸ್ತೇವ್ರಿ. ಒಂದಿನರ ಸ್ಟೇಜಿನ ಮ್ಯಾಲೆ ನಿಂತು ಬಾರಸೂಣಂತ ಬಂದೇವಿ. ಕೆಳಗ ಇಳಸಬ್ಯಾಡ್ರಿ.’

ಗಿಟಾರ್ ಹುಡುಗರಿಗೆ ನೆಲದ ಮೇಲೆ ಕೂರುವುದು ಆಪ್ತ ಅನ್ನಿಸುತ್ತದೆ. ದಾರಿಯಲ್ಲೇ ಬದುಕು ಕಳೆದವರಿಗೆ ನೆಲ ಬೇರೆಯದೇ ಅರ್ಥ ಕೊಡುತ್ತದೆ. ಜನ ಕಡಿಮೆ ಇದ್ದಾಗ ವೇದಿಕೆ ಬಿಡಿಸುವ ಸಲಹೆ ಕೊಡುವವರು ಇದನ್ನು ಯೋಚಿಸುವುದು ಅಪರೂಪ. ಇಲ್ಲಿ ಆ ಆಕ್ಷೇಪಣೆಯಿಂದಲೇ ನಾಲ್ಕನೆಯ ದಾರಿ ಹೊಳೆಯಿತು: ವಾದ್ಯದವರು ಕೆಳಗೆ ಬರುವುದು ಬೇಡ, ಕೇಳುವವರು ಮೇಲೆ ಹೋಗಲಿ.

ವೇದಿಕೆ 12 ಮೀಟರ್ ಅಗಲ, 8 ಮೀಟರ್ ಆಳ. ಕೆಳಗೆ ಕಾಂಕ್ರೀಟ್. ಇದನ್ನು ಮೊದಲು ಖಾತ್ರಿ ಮಾಡಿಕೊಂಡರು, ಮಾಡಿಕೊಳ್ಳಲೇಬೇಕು: 60 ಜನ ಎಂದರೆ ಮೂರೂವರೆ ಟನ್ನಿಗೂ ಹೆಚ್ಚು ಭಾರ, ಹಲಗೆ ಹೊಡೆದ ತಾತ್ಕಾಲಿಕ ವೇದಿಕೆಯಾದರೆ ಈ ಯೋಚನೆಯನ್ನೇ ಮಾಡಬಾರದು. ನಾಟಕಕ್ಕೆಂದು ಹಿಂದೆ, ಮುಂದೆ, ಎರಡೂ ಬದಿಗೆ ದಪ್ಪ ಮಖಮಲ್ಲಿನ ಪರದೆ. ಮುಂದಿನ ಪರದೆ ಎಳೆದರೆ ನಾಲ್ಕೂ ಕಡೆ ಬಟ್ಟೆಯ ಕೋಣೆ. ಸುಮಾರು 480 ಘನ ಮೀಟರ್, 200 ಚದರ ಮೀಟರ್ ಪರದೆ, ಜೊತೆಗೆ ಐವತ್ತು ಜನ. ಅದೇ ಸೂತ್ರದಲ್ಲಿ ದನಿ ಉಳಿಯುವ ಕಾಲ ಮುಕ್ಕಾಲು ಸೆಕೆಂಡಿನ ಆಸುಪಾಸಿಗೆ ಬರುತ್ತದೆ. 400 ಜನ ತುಂಬಿದ್ದರೂ ಆ ಹಾಲ್‌ನಲ್ಲಿ ಅಷ್ಟು ಸ್ವಚ್ಛ ಸದ್ದು ಸಿಗುತ್ತಿರಲಿಲ್ಲ.

ಇಪ್ಪತ್ತೆರಡು ನಿಮಿಷ

ಕೆಲಸ ಹಂಚಿಕೊಂಡ ರೀತಿ ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ. ಇಬ್ಬರು ವೇದಿಕೆ ಗುಡಿಸಿ, ಟ್ರಸ್ಟಿನ ಉಗ್ರಾಣದಲ್ಲಿದ್ದ ಆರು ಜಮಖಾನೆ ಹಾಸಿದರು. ನೆಲಕ್ಕೆ ಕೂರಲಾಗದವರಿಗೆ ಹಿಂದೆ ಹದಿನೈದು ಕುರ್ಚಿ. ಒಬ್ಬರು ಕೆಳಗೆ ಹೋಗಿ ಜನರ ಹತ್ತಿರ ನಿಂತು ಬಾಯಿಮಾತಿನಲ್ಲೇ ‘ಮ್ಯಾಲೆ ಬರ್ರಿ, ಅಲ್ಲೇ ಚಾ ಕೊಡ್ತೇವಿ’ ಎಂದರು. ಮೈಕಿಗೆ ಅಲುಗಾಡದವರು ಚಾಕ್ಕೆ ಎದ್ದರು. ಕರೆದದ್ದು ಗುಂಪುಗುಂಪಾಗಿ, ಒಬ್ಬೊಬ್ಬರನ್ನಲ್ಲ. ಒಂದು ಕುಟುಂಬ ಎದ್ದರೆ ಪಕ್ಕದ್ದು ತಾನಾಗಿ ಏಳುತ್ತದೆ.

ಯಾರೂ ಎಣಿಸದ ಅಡಚಣೆ ಚಪ್ಪಲಿಯದು. ಜಮಖಾನೆ ಕಂಡ ಕೂಡಲೇ ಎಲ್ಲರೂ ಮೆಟ್ಟಿಲ ಮೇಲೇ ಚಪ್ಪಲಿ ಬಿಟ್ಟರು. ವೇದಿಕೆಗೆ ಇದ್ದದ್ದು ಎರಡೇ ಮೆಟ್ಟಿಲ ಸಾಲು, ಎರಡೂ ಒದ್ದೆ ಚಪ್ಪಲಿಯಿಂದ ತುಂಬಿದವು. ಪರದೆ ಮುಚ್ಚಿದ ಜಾಗದಲ್ಲಿ ಐವತ್ತು ಜನ ಇರುವಾಗ ಹೊರಹೋಗುವ ದಾರಿ ಕಟ್ಟಿಹಾಕುವಂತಿಲ್ಲ. ಕೆಳಗೆ ಗೋಣಿಚೀಲ ಹಾಸಿ ಚಪ್ಪಲಿಗಳನ್ನು ಅಲ್ಲಿಗೆ ಸಾಗಿಸಿದರು, ಬಲಬದಿಯ ಪರದೆಯನ್ನು ಅರ್ಧ ತೆರೆದೇ ಬಿಟ್ಟರು, ಊದುಬತ್ತಿ ಸಹ ಬೇಡವೆಂದರು.

ಸೌಂಡ್‌ನವರ ಮಿಕ್ಸರ್ ಹಾಲ್‌ನ ನಡುವೆ ಇತ್ತು. ಪರದೆ ಬಿದ್ದರೆ ಅವರಿಗೆ ಏನೂ ಕಾಣುವುದಿಲ್ಲ. 24 ಚಾನೆಲ್ಲಿನ ಅದನ್ನು ಎತ್ತಿ ತರುವುದಕ್ಕಿಂತ ಗಾಡಿಯಲ್ಲಿದ್ದ 8 ಚಾನೆಲ್ಲಿನ ಸಣ್ಣದನ್ನು ಪಕ್ಕದ ಪರದೆಯ ಬಳಿ ಇಟ್ಟರು. ದೊಡ್ಡ ಟಾಪ್, ಬೇಸ್ ಎರಡೂ ಬಂದ್. ಮಾನಿಟರ್ ಎಂದು ತಂದ 12 ಇಂಚಿನ ಎರಡು ಪೆಟ್ಟಿಗೆಗಳನ್ನು ಸ್ಟ್ಯಾಂಡಿಗೆ ಏರಿಸಿ, ವಾದ್ಯದವರ ಸಾಲಿಗಿಂತ ಒಂದಡಿ ಮುಂದೆ, ಜನರ ಕಡೆ ತಿರುಗಿಸಿದರು. ಮೈಕ್ ನಾಲ್ಕೇ. 20,000 ರೂಪಾಯಿಯ ಸಾಮಾನಿನಲ್ಲಿ ಬಳಕೆಯಾದದ್ದು ಹೆಚ್ಚೆಂದರೆ ಐದನೇ ಒಂದು ಭಾಗ.

ನಂತರ ಆದದ್ದು

ಎಂಟೂ ಎರಡಕ್ಕೆ ಬೆಂಜೋ ತಂಡ ಶುರುಮಾಡಿತು. ಮೊದಲ ತೊಂದರೆ ಗುಂಯ್ ಸದ್ದು. ಅರ್ಥಿಂಗ್ ಬಿಡಿಸುವ ಡಿ.ಐ. ಪೆಟ್ಟಿಗೆ ಹಾಕಿದರೂ ಹೋಗಲಿಲ್ಲ, ಏಕೆಂದರೆ ಸದ್ದು ಹುಟ್ಟುತ್ತಿದ್ದದ್ದು ವೈರಿನಲ್ಲಲ್ಲ. ಬೆಂಜೋದ ಪಿಕಪ್ಪಿಗೆ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗಕ್ಕೆ) ಕವಚವಿಲ್ಲ, ಪಕ್ಕದ ಎಲ್‌ಇಡಿ ದೀಪದ ಅಡಾಪ್ಟರಿನ ವಿದ್ಯುತ್ ಗದ್ದಲವನ್ನು ಅದು ನೇರ ಹಿಡಿಯುತ್ತಿತ್ತು. ನುಡಿಸುವವರು ಎರಡು ಮೀಟರ್ ಆಚೆ ಸರಿದು, ವಾದ್ಯವನ್ನು ಕಾಲು ಸುತ್ತು ತಿರುಗಿಸಿ ಕೂತ ಮೇಲೆ ಬಹುಪಾಲು ಅಡಗಿತು. ಪಿಕಪ್ ಇರುವ ಯಾವ ವಾದ್ಯಕ್ಕೂ ಮೊದಲು ಮಾಡಿ ನೋಡಬೇಕಾದದ್ದು ಇದು, ಖರ್ಚಿಲ್ಲದ್ದು. ಸೌಂಡ್ ಮತ್ತು ಲೈಟಿಗೆ ಬೇರೆ ಬೇರೆ ಫೇಸ್ ಕೇಳುವುದು ಎರಡನೆಯದು.

ನಗೆಹಾಡುಗಳಿಗೆ ಈ ಕೋಣೆ ಒಗ್ಗಿತು. ಹಾಲ್‌ನಲ್ಲಿ ಒಬ್ಬರು ನಕ್ಕರೆ ಆ ನಗು ಒಂಟಿಯಾಗಿ ಕೇಳಿ, ನಕ್ಕವರೇ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಇಲ್ಲಿ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ನೀರಿನ ಹಾಡಿನ ಎರಡನೇ ಚರಣಕ್ಕೆ ಹಿಂದಿನವರು ತಾವೇ ಸಾಲು ಸೇರಿಸತೊಡಗಿದರು. ತಂಡ ಹಾಡನ್ನು ನಾಲ್ಕು ನಿಮಿಷ ಹೆಚ್ಚು ಎಳೆಯಿತು. ತಂಡಗಳ ನಡುವೆ ವೇದಿಕೆ ಬದಲಿಸಲು ಹಳೆಯ ಯೋಜನೆಯಲ್ಲಿ 15 ನಿಮಿಷ ಇಟ್ಟಿದ್ದರು. ಅಷ್ಟೊಂದು ಮೈಕು, ಚೀಟಿ ಅಂಟಿಸದ ವೈರು ಇದ್ದಿದ್ದರೆ ಅದು ಅರ್ಧ ತಾಸಿಗೆ ಹೋಗುತ್ತಿತ್ತು. ನಾಲ್ಕೇ ಮೈಕ್ ಆದ್ದರಿಂದ ಎಂಟು ನಿಮಿಷಕ್ಕೆ ಮುಗಿಯಿತು.

ಜಗ್ಗಲಿಗೆಯದು ಬೇರೆಯೇ ಕಥೆ. ಎತ್ತಿನ ಗಾಡಿಯ ಚಕ್ರಕ್ಕೆ ಎಮ್ಮೆಯ ಚರ್ಮ ಬಿಗಿದ ವಾದ್ಯ ಅದು. ಹುಬ್ಬಳ್ಳಿಯ ಹೋಳಿಯಲ್ಲಿ ಉರುಳಿಸಿಕೊಂಡು ಬಾರಿಸುತ್ತ ಹೋಗುವಂಥದ್ದು, ಕೂರಿಸಿ ಬಾರಿಸುವುದಲ್ಲ. ಬಟ್ಟೆಯ ಕೋಣೆಯಲ್ಲಿ ಮೂರು ಮೀಟರ್ ದೂರದಿಂದ ಅದನ್ನು ಕೇಳಿದರೆ ಕಿವಿ ಕೆಡುತ್ತದೆ. ಮೇಲಾಗಿ ತೇವಕ್ಕೆ ಚರ್ಮ ಸಡಿಲಾಗಿ ಡಬಡಬ ಎನ್ನುತ್ತಿತ್ತು. ದೊಡ್ಡ ಹ್ಯಾಲೋಜನ್ ದೀಪದ ಮುಂದೆ ಹತ್ತು ನಿಮಿಷ ನಿಲ್ಲಿಸಿ ಕಾಯಿಸುವುದು ತಂಡದವರ ರೂಢಿ. ಲೈಟಿನವರು ತಂದದ್ದೆಲ್ಲ ಎಲ್‌ಇಡಿ. ಅದರ ಮುಂದೆ ರಾತ್ರಿಯಿಡೀ ನಿಲ್ಲಿಸಿದರೂ ಚರ್ಮಕ್ಕೆ ತಾಗುವ ಬಿಸಿ ಇಲ್ಲ. ಕೊನೆಗೆ ಹೊರಗೆ ತಗಡಿನ ಕೆಳಗಿದ್ದ ಚಾದ ಅಂಗಡಿಯ ಇದ್ದಿಲ ಒಲೆಯ ಮುಂದೆ, ಎರಡು ಮೊಳ ದೂರ ಹಿಡಿದು, ಚಕ್ರ ತಿರುಗಿಸುತ್ತ ಕಾಯಿಸಿದರು. ಒಂದೇ ಕಡೆ ನಿಲ್ಲಿಸಿದರೆ ಅಲ್ಲಷ್ಟೇ ಒಣಗಿ ಚರ್ಮ ಬಿರಿಯುತ್ತದೆ. ಹಲಗಿ, ಡೊಳ್ಳು, ಜಗ್ಗಲಿಗೆ ಕರೆಯುವ ಯಾರೇ ಆಗಲಿ ಮಳೆಗಾಲದಲ್ಲಿ ಬಿಸಿಯ ಏರ್ಪಾಡನ್ನು ಸೌಂಡ್, ಲೈಟಿನ ಜೊತೆಗೇ ಬರೆದುಕೊಳ್ಳಬೇಕು.

ಜಾಗದ ಪ್ರಶ್ನೆಗೆ ಕಣಿಹಲಗಿಯವರೇ ದಾರಿ ತೋರಿಸಿದರು. ಮುಂದಿನ ಪರದೆ ಸರಿಸಿ, ಜನರನ್ನು ಕೂತಲ್ಲೇ ಹಾಲ್‌ನ ಕಡೆ ತಿರುಗಿ ಕೂರಲು ಹೇಳಿದರು. ಚೆದುರಿದ್ದ ಕುರ್ಚಿಗಳನ್ನು ನಾಲ್ವರು ಗೋಡೆಗೆ ಒತ್ತಿದರು. ಖಾಲಿ ಹಾಲ್ ಈಗ ರಂಗ, ವೇದಿಕೆ ಈಗ ಗ್ಯಾಲರಿ. ಎರಡು ಜಗ್ಗಲಿಗೆ ಹಿಂಬಾಗಿಲಿನಿಂದ ಉರುಳಿ ಬಂದವು. ಆ ಹಾಲ್‌ನ ಎರಡು ಸೆಕೆಂಡಿನ ಪ್ರತಿಧ್ವನಿ ತತ್ವಪದವನ್ನು ನುಂಗಿತ್ತು. ಜಗ್ಗಲಿಗೆಗೆ ಅದೇ ಬೇಕಾಗಿತ್ತು. ಹತ್ತು ಮೀಟರ್ ದೂರದಲ್ಲಿ ಹೊಡೆತ ಕಿವಿಗೆ ಬಡಿಯದೆ ಎದೆಗೆ ತಾಗುತ್ತಿತ್ತು. ಒಂದು ಎಚ್ಚರಿಕೆ: ಇಂಥದ್ದಕ್ಕೆ ಬಾಗಿಲು ಮುಚ್ಚಿರಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಕ್ಕೆ ಹಾಕಿದ ನಿರ್ಬಂಧದಿಂದ ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ. ಬಾಗಿಲು ತೆರೆದಿಟ್ಟರೆ ಅದನ್ನು ಹೇಳಿಕೊಳ್ಳಲು ಬರುವುದಿಲ್ಲ. ಟ್ರಸ್ಟಿನ ಕರಾರಂತೂ ಹತ್ತಕ್ಕೆ ಎಲ್ಲ ಬಂದ್ ಎಂದಿತ್ತು.

ಈ ತಂಡದ ಕೀಬೋರ್ಡ್ ಮಾತ್ರ ಕಳೆದುಹೋಯಿತು. ಅದು ವೇದಿಕೆಯ ಮೇಲೆ, ಜಗ್ಗಲಿಗೆ ಕೆಳಗೆ. ನುಡಿಸುವವನಿಗೆ ಹೊಡೆತ ತಡವಾಗಿ ಕೇಳಿ ಲಯ ತಪ್ಪುತ್ತಿತ್ತು. ಎರಡನೇ ಸುತ್ತಿನಲ್ಲಿ ಅವನು ಕೈ ತೆಗೆದ. ಮೂವತ್ತು ಸೆಕೆಂಡು ಪ್ರಯತ್ನಿಸಿ ನೋಡಿದ್ದರೂ ಇದು ಮೊದಲೇ ಗೊತ್ತಾಗುತ್ತಿತ್ತು.

ಬ್ಯಾಂಡ್ ಕಂಪನಿಯ ಉಳಿದ ಮೂವರು ಎಂಟೂ ಐವತ್ತಕ್ಕೆ ಬಂದರು. ಹಿಂದಿನ ಪರದೆಯ ಮುಂದೆ ಒಂದಡಿ ಎತ್ತರದ ಕಟ್ಟೆ ಇಟ್ಟು ನಾಲ್ವರನ್ನೂ ಅದರ ಮೇಲೆ ನಿಲ್ಲಿಸಿದರು; ಜನ ಮತ್ತೆ ತಿರುಗಿ ಕೂತರು, ಮುಂದಿನ ಪರದೆ ಮತ್ತೆ ಬಿತ್ತು. ಮೈಕ್ ಒಂದೂ ಇಲ್ಲ. ಟ್ರಂಪೆಟ್ಟಿಗೆ, ಸೈಡ್ ಡ್ರಮ್ಮಿಗೆ ಅಷ್ಟು ಜಾಗದಲ್ಲಿ ಮೈಕ್ ಹಿಡಿಯುವುದು ಅಪರಾಧ. ಸೈಡ್ ಡ್ರಮ್ಮಿನ ಮೇಲೆ ಒಂದು ಟವೆಲ್ ಹೊದಿಸಿದರು, ಟ್ರಂಪೆಟ್ಟಿನ ಬಾಯನ್ನು ಪಕ್ಕದ ಪರದೆಯ ಕಡೆ ತಿರುಗಿಸಿದರು, ಮೆತ್ತಗಿನ ಕ್ಲಾರಿಯೋನೆಟ್ ಜನರಿಗೆ ಹತ್ತಿರ ಬಂತು. ಒಂಬತ್ತೂ ಹತ್ತರಿಂದ ಒಂಬತ್ತೂ ಐವತ್ತೆರಡರವರೆಗೆ ನುಡಿಸಿದರು. ಹತ್ತರ ಗಡುವು ನೆನಪಿಟ್ಟು ಒಂದು ಧಾಟಿ ಕೈಬಿಟ್ಟರು. ಕಡೆಯತನಕ ಕೂತವರು 54 ಜನ. ಮಧ್ಯದಲ್ಲಿ ಎದ್ದವರಲ್ಲಿ ಬಹುಪಾಲು ಹುಬ್ಬಳ್ಳಿ ಬಸ್ಸು ಹಿಡಿಯಬೇಕಾದ ಕುಟುಂಬಗಳು.

ಲೆಕ್ಕ, ಮತ್ತು ಅದರಿಂದ ತಿಳಿಯುವುದು

ಒಟ್ಟು ಟಿಕೆಟ್ 61, ಅಂದರೆ 12,200 ರೂಪಾಯಿ. ಹೋಗುವಾಗ ಮೆಟ್ಟಿಲ ಬಳಿ ಜೋಳಿಗೆ ಹಿಡಿದದ್ದಕ್ಕೆ ಬಿದ್ದದ್ದು 5,300. ಅದರಲ್ಲಿ ಉಚಿತವಾಗಿ ಬಂದವರ ಪಾಲು ದೊಡ್ಡದು. ಆದರೂ 31,500 ಕೈಯಿಂದ ಹೋಯಿತು. ಆರು ಜನ ಹಂಚಿಕೊಂಡರು. ತಂಡಗಳಿಗೆ ಒಪ್ಪಿದ 4,000 ಅದೇ ರಾತ್ರಿ ಕೊಟ್ಟರು. ಜನ ಬರಲಿಲ್ಲ ಎಂದು ವಾದ್ಯದವರ ಹಣ ಮುರಿಯುವ ಚಾಳಿ ನಮ್ಮ ಕಡೆ ಇದೆ. ಈ ಆಯೋಜಕರು ಅದನ್ನು ಮಾಡದಿದ್ದುದರಿಂದಲೇ ಮುಂದಿನ ಸಲಕ್ಕೆ ಮೂರು ತಂಡ ಫೋನಿನಲ್ಲೇ ಒಪ್ಪಿದವು.

ವೇದಿಕೆಗೆ ಜನರನ್ನು ಏರಿಸಿದ್ದು ಸಂಜೆಯನ್ನು ಉಳಿಸಿತು, ಹಣವನ್ನಲ್ಲ. ಹಣ ಉಳಿಸಬಹುದಾಗಿದ್ದ ಗಳಿಗೆ ಬುಧವಾರ ಸಂಜೆಯದು. ಈ ಎರಡನ್ನೂ ಬೆರೆಸಿ ‘ಕಡೆಗೆ ಎಲ್ಲಾ ಛಲೋ ಆತು’ ಎಂದುಕೊಂಡರೆ ಮುಂದಿನ ಸಲವೂ 400 ಕುರ್ಚಿಯ ಹಾಲ್ ಹಿಡಿಯುತ್ತಾರೆ. ಮೂರು ದಿನ ಮೊದಲು ದುಡ್ಡು ಕೊಟ್ಟವರ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಬಂದದ್ದಕ್ಕೆ ತಕ್ಕ ಕೋಣೆ ಹಿಡಿಯುವುದು ಒರಟು ಲೆಕ್ಕ, ಆದರೆ ಇಲ್ಲಿ ಅದು 58 ಎನ್ನುತ್ತಿತ್ತು. ಹೋದ ಟಿಕೆಟ್ 61. ‘ಬರ್ತೇವಿ’ ಎಂದು ಒತ್ತಿದವರ ಸಂಖ್ಯೆ ನೋಡಿ ಹಿಡಿದ ಲೆಕ್ಕಕ್ಕೂ ನಿಜಕ್ಕೂ ಐದು ಪಟ್ಟು ಅಂತರ.

ಸದ್ದಿನ ವಿಷಯದಲ್ಲಿ, ಸೌಂಡ್‌ನವರಿಗೆ ‘400 ಜನ’ ಎನ್ನುವ ಬದಲು ‘ಕಡಿಮೆಯೆಂದರೆ ಇಷ್ಟು, ಹೆಚ್ಚೆಂದರೆ ಇಷ್ಟು’ ಎಂದು ಎರಡು ಸಂಖ್ಯೆ ಹೇಳಬೇಕು, ಸಣ್ಣ ಮಿಕ್ಸರ್ ಗಾಡಿಯಲ್ಲಿರಲಿ ಎನ್ನಬೇಕು. ಯಾವ ತಂಡಕ್ಕೆ ಎಷ್ಟು ಮೈಕ್, ಎಷ್ಟು ಲೈನ್ ಎಂಬ ಪಟ್ಟಿಯನ್ನು ಎರಡು ದಿನ ಮೊದಲೇ ಕೊಡಬೇಕು. ಸದ್ದು ಹೊಂದಿಸುವುದು ಕಡೆಯ ತಂಡದಿಂದ ಶುರುವಾಗಿ ಮೊದಲ ತಂಡದಲ್ಲಿ ಮುಗಿಯಬೇಕು. ಆಗ ಮೊದಲ ತಂಡದ ಹೊಂದಾಣಿಕೆ ಹಾಗೇ ಉಳಿದು ಪರದೆ ಏಳುತ್ತದೆ. ಅತಿಥಿಗಳು ಬೇಕೇ ಬೇಕು ಎಂದಾದರೆ ಮಾತು ಎರಡನೇ ತಂಡದ ನಂತರ ಇರಲಿ, ಸೋಫಾ ಬೇಡ.

ತಂಡಗಳ ಸರದಿಯ ಬಗ್ಗೆ ಆಯೋಜಕರಲ್ಲೇ ಒಮ್ಮತ ಬರಲಿಲ್ಲ. ಮೊದಲು ಹಾಡಿದ ಹುಡುಗರಿಗೆ ಕೆಟ್ಟ ಹಾಲ್, ಕೆಟ್ಟ ಸದ್ದು, ಅತಿಥಿಗಳ ಬೆನ್ನು ಸಿಕ್ಕಿತು. ಉಳಿದ ಮೂರು ತಂಡಕ್ಕೆ ಒಳ್ಳೆಯದೆಲ್ಲ. ಕಡೆಗೆ ಅವರಿಗೆ ಎರಡು ಹಾಡಿನಷ್ಟು ಹೊತ್ತು ಮತ್ತೆ ಕೊಡಬೇಕಿತ್ತು ಎಂದು ಇಬ್ಬರ ವಾದ. ಹತ್ತರ ಗಡುವಿನಲ್ಲಿ ಅದು ಮಾಸ್ತರರ ಹೊತ್ತಿನಿಂದಲೇ ಹೋಗುತ್ತಿತ್ತು ಎಂದು ಉಳಿದವರ ವಾದ. ಹುಡುಗರು ಏನೂ ಕೇಳಲಿಲ್ಲ. ಮುಂದಿನ ಸಲಕ್ಕೆ ಇನ್ನೂ ಒಪ್ಪದ ತಂಡ ಅವರದೇ.

ಆ ಸಲದ ಅಂದಾಜು ಹೀಗಿದೆ: ಮೇಲಿನ ಕೋಣೆ 4,000, ಸಣ್ಣ ಸೌಂಡ್ 6,000, ಹುಡುಗರೂ ಒಪ್ಪಿದರೆ ಮೂರು ತಂಡಕ್ಕೆ 12,000, ಚಾ ಮತ್ತು ಗಾಡಿಗೆ 3,000, ಒಟ್ಟು 25,000. ಲೈಟ್, ಜನರೇಟರ್, ಪೋಸ್ಟರ್ ಇಲ್ಲ. ಕರೆಂಟ್ ಹೋದರೆ ಬ್ಯಾಂಡ್ ಕಂಪನಿಗೆ ಅದರ ಹಂಗಿಲ್ಲ, ಸರದಿಯಲ್ಲಿ ಅವರನ್ನು ಮುಂದಕ್ಕೆ ಎಳೆದುಕೊಳ್ಳುವುದು ಎಂದು ಬರೆದುಕೊಂಡಿದ್ದಾರೆ. 300 ರೂಪಾಯಿಯ ಟಿಕೆಟ್ 84 ಹೋದರೆ ಖರ್ಚು ಹುಟ್ಟುತ್ತದೆ. 90ರ ಕೋಣೆಗೆ ಅದು ಬಿಗಿ. ಜಗ್ಗಲಿಗೆ ಮೆಟ್ಟಿಲು ಹತ್ತುವುದಿಲ್ಲವಾದ್ದರಿಂದ ಆ ತಂಡಕ್ಕೆ ಹೋಳಿಯ ಹೊತ್ತಿಗೆ, ಬಯಲಲ್ಲಿ, ಬೇರೆ ದಿನ. ಬ್ಯಾಂಡ್ ಕಂಪನಿಗೆ ಆಷಾಢ ಬಿಟ್ಟರೆ ಶನಿವಾರ, ಭಾನುವಾರ ಖಾಲಿ ಸಿಗುವುದಿಲ್ಲ. ಹಾಗಾಗಿ ತಿಂಗಳು ಅದೇ ಉಳಿದಿದೆ. ವಾರ ಬದಲಾಗಿ ಭಾನುವಾರ, ಹೊತ್ತು ಸಂಜೆ ನಾಲ್ಕರಿಂದ ಏಳು.